ಮುಟ್ಟಿದ ಬೇರು, ಮುಟ್ಟದ ಬೇರು

ಎಮೋಸಿ ಬಾಯಿ ತೆರೆದರೆ ನವುನೀವಿಯ ಮುದುಕರೆಲ್ಲ ಬಾಯಿ ಮುಚ್ಚುತ್ತಿದ್ದರು. ಹಾಗಂತ ಅವನೇನು ಊರಿನ ಯಜಮಾನನಲ್ಲ. ಯಜಮಾನ ಬೇರೆ ಇದ್ದ, ಅವನನ್ನು ತುರಂಗ ಅನ್ನುತ್ತಾರೆ. ಆದರೆ ಫಿಜಿಯ ಹಳ್ಳಿಗಳಲ್ಲಿ ತುರಂಗನಾದವನು ಬಂದ ಅತಿಥಿಯ ಎದುರು ತಾನೇ ಮಾತಾಡುವುದು ಅವನ ಗೌರವಕ್ಕೆ ಕಡಿಮೆ. ಅವನು ಚಾಪೆಯ ಮೇಲ್ತುದಿಯಲ್ಲಿ ಸುಮ್ಮನೆ ಕೂತಿರಬೇಕು. ಅವನ ಪರವಾಗಿ ಮಾತಾಡುವುದಕ್ಕೆಂದೇ ಒಂದು ಮನೆತನ ಇರುತ್ತದೆ. ಎಮೋಸಿ ಆ ಮನೆತನದವನು. ಅವನ ಅಪ್ಪ ಊರಿನ ಬಾಯಿಯಾಗಿದ್ದ, ಅಪ್ಪನ ಅಪ್ಪನೂ ಊರಿನ ಬಾಯಿಯಾಗಿದ್ದ, ಈಗ ಇವನ ಸರದಿ.

ಆ ಬಾಯೊಂದನ್ನು ಬಿಟ್ಟರೆ ಎಮೋಸಿ ತೀರಾ ಸಾಧಾರಣ ಮನುಷ್ಯ. ಅವನ ಮರಗೆಣಸಿನ ಹೊಲದಲ್ಲಿ ಗೆಣಸಿಗಿಂತ ಕಳೆ ಎತ್ತರ. ಮನೆಯ ತಗಡು ಹಾರದಿರಲಿ ಅಂತ ಮೇಲೆ ಕಲ್ಲು ಹೇರಿ, ಮೊಳೆ ಹೊಡೆಯುವುದನ್ನು ನಾಳೆಗೆ ಮುಂದೂಡುತ್ತಲೇ ಬಂದಿದ್ದ. ಪಕ್ಕದ ಮನೆಯ ವೈಸಾಲೆ ಅವನ ಸೋದರತ್ತೆಯ ಮಗ. ನಮ್ಮಲ್ಲಿ ಸೋದರತ್ತೆ, ಸೋದರಮಾವನ ಮಕ್ಕಳು ಒಬ್ಬರನ್ನೊಬ್ಬರು ಹೀಯಾಳಿಸುತ್ತಲೇ ಇರಬೇಕು. ಹೀಯಾಳಿಸುವುದು ನಿಂತರೆ ಏನೋ ಮುರಿದಿದೆ ಅಂತ ಊರೆಲ್ಲ ಮಾತಾಡಿಕೊಳ್ಳುತ್ತದೆ.

"ಭಾವ, ಆ ಬಾಯೊಂದು ಇಲ್ದಿದ್ರೆ ನಿನ್ನ ಹಂದಿ ಮೇಯ್ಸೋಕೂ ಯಾರೂ ಇಟ್ಕೊಳ್ತಿರ್ಲಿಲ್ಲ" ಅಂತ ವೈಸಾಲೆ ಬೇಲಿಯ ಆಚೆಯಿಂದ ಶುರುಮಾಡುತ್ತಿದ್ದ.

"ನಿನ್ನ ಇಟ್ಕೊಂಡಿದ್ರಲ್ಲ ಮೊದ್ಲು. ನಿನ್ನ ಮುಖ ನೋಡಿ ಹಂದಿಗಳೇ ಕಾಡಿಗೆ ಓಡಿಹೋದ್ವು" ಅಂತ ಎಮೋಸಿ ಒಳಗಿನಿಂದಲೇ ಹೇಳುತ್ತಿದ್ದ.

ಮನೆ ನಡೆಯುತ್ತಿದ್ದದ್ದು ಹೆಂಡತಿ ಸಲಸೇನಿಯಿಂದ. ಊರಿನ ಕೆಳಗೆ ಹೊಳೆ ಒಂದು ದೊಡ್ಡ ತಿರುವು ತೆಗೆದುಕೊಳ್ಳುತ್ತದೆ. ಆ ತಿರುವಿನಲ್ಲಿ ನೀರಿನಡಿ ಸಣ್ಣ ಜಲ್ಲಿಯೂ ಮರಳೂ ಬೆರೆತ ಹಾಸು. ಕಪ್ಪೆಚಿಪ್ಪು ಹುಟ್ಟುವುದು ಅಲ್ಲಿ. ನವುನೀವಿಯ ಹೆಂಗಸರು ಎದೆಮಟ್ಟದ ನೀರಲ್ಲಿ ನಿಂತು, ಮುಳುಗಿ, ಕೈಬೆರಳಿಂದ ತಡಕಿ ಚಿಪ್ಪು ತೆಗೆಯುತ್ತಾರೆ. ತೆಂಗಿನ ಹಾಲಲ್ಲಿ ಬೇಯಿಸಿ ಮನೆಗೆ ಒಂದಿಷ್ಟು, ಉಳಿದದ್ದು ಸುವಾ ಪಟ್ಟಣದ ಮಾರುಕಟ್ಟೆಗೆ. ಮಗಳು ಮಿಲಿಕಾ ಓದಿದ್ದು, ಅವಳ ಮದುವೆಗೆ ಚಾಪೆ ಬಟ್ಟೆ ಕೂಡಿದ್ದು, ಅತ್ತೆಯ ತಿಥಿ ಊಟ, ಎಲ್ಲ ಆ ತಿರುವಿನಿಂದ ಬಂದದ್ದು.

"ನಿಮ್ಮ ಬಾಯಿಂದ ಊರಿಗೆ ಮರ್ಯಾದೆ ಮಿಲಿ ಅಪ್ಪ" ಅಂತ ಸಲಸೇನಿ ತಟ್ಟೆ ಇಡುತ್ತ ಹೇಳುತ್ತಿದ್ದಳು. "ಆದ್ರೆ ಆ ಬಾಯಿಗೆ ಊಟ ನನ್ನ ಬುಟ್ಟಿಯಿಂದ. ಅದನ್ನ ಮರೀಬೇಡಿ."

ಅವನು ಮರೆತವನಲ್ಲ. ಆದರೂ ಆ ತಿರುವು ಹೋದದ್ದು ಅವನ ಬಾಯಿಂದಲೇ.

ಒಂದು ದಿನ ಪಟ್ಟಣದ ಒಂದು ಇಲಾಖೆಯಿಂದ ನೆತಾನಿ ಎಂಬ ಹುಡುಗ ಅಧಿಕಾರಿ ಬಂದ. ಸಭೆ ಮರುದಿನ ಇದ್ದರೂ ಒಂದು ದಿನ ಮುಂಚೆಯೇ ಬಂದು, ಎಮೋಸಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ಒಳಗೆ ಬಂದು ಕೂತ. ರಸ್ತೆ ಮಾಡುವುದಕ್ಕೆ ಜಲ್ಲಿ ಬೇಕು, ಒಂದು ಕಂಪನಿ ನಿಮ್ಮ ಹೊಳೆಯ ತಿರುವಿನಿಂದ ತೆಗೆಯುತ್ತೇವೆ ಅಂತ ಅರ್ಜಿ ಹಾಕಿದೆ, ಊರಿನವರ ಅಭಿಪ್ರಾಯ ಕೇಳಬೇಕು, ಅದಕ್ಕೆ ಬಂದೆ ಅಂದ.

"ಕೇಳೋದು ಅಂದ್ರೆ ಹೆಂಗೆ?" ಅಂದ ಎಮೋಸಿ. ಹಿಂದೆಯೂ ಸರ್ಕಾರದವರು ಕೇಳುವುದಕ್ಕೆ ಬಂದಿದ್ದರು. ವಿದ್ಯುತ್ ಕಂಬ ನೆಟ್ಟ ಮೇಲೆ ಕಂಬ ಎಲ್ಲಿ ನೆಡೋಣ ಅಂತ ಕೇಳಿದ್ದರು.

"ಹಂಗಲ್ಲ ಮಾವ, ಈಗ ಪದ್ಧತಿ ಬದಲಾಗಿದೆ" ಅಂದ ನೆತಾನಿ. ಅವನ ಕಣ್ಣಲ್ಲಿ ನಂಬಿಕೆ ಇತ್ತು, ಅದನ್ನು ಸುಳ್ಳು ಅನ್ನುವಂತಿಲ್ಲ. "ತೀರ್ಮಾನ ಆಗೋಕ್ಕೆ ಮುಂಚೆನೇ ಕೇಳ್ಬೇಕು. ಜನಕ್ಕೆ ಯೋಚ್ನೆ ಮಾಡೋಕೆ ಟೈಮು ಕೊಡ್ಬೇಕು. ಹೆಂಗಸರನ್ನ ಬೇರೆ ಕೂರಿಸಿ ಕೇಳ್ಬೇಕು. ಆಮೇಲೆ ಎರಡ್ನೇ ಸಲ ಬರ್ಬೇಕು. ಬಂದು, ನೀವು ಹೇಳಿದ್ರಲ್ಲಿ ಏನು ತಗೊಂಡ್ವಿ, ಏನು ಬಿಟ್ವಿ, ಯಾಕೆ ಬಿಟ್ವಿ ಅಂತ ನಿಮ್ಮ ಮುಂದೆನೇ ಹೇಳ್ಬೇಕು."

"ಎರಡ್ನೇ ಸಲ ಬರ್ತೀಯಾ?"

"ಬಂದೇ ಬರ್ತೀನಿ ಮಾವ. ಬರದೆ ಇದ್ರೆ ಅದು ಕೇಳಿದ ಹಾಗೇ ಅಲ್ಲ."

ಎಮೋಸಿಗೆ ಹೊಟ್ಟೆ ತಣ್ಣಗಾಯಿತು. ಸರ್ಕಾರಕ್ಕೆ ಕೊನೆಗೂ ಬುದ್ಧಿ ಬಂತಲ್ಲ ಅಂದುಕೊಂಡ. ನಮ್ಮ ರಿವಾಜೂ ಇದೇ. ಕೇಳಲು ಬಂದವರು ಕುಟ್ಟಿ ಕಲಸಿ ಕುಡಿಯುವ ಯಂಗೋನದ ಬೇರನ್ನು ಕಟ್ಟಿ ತರುತ್ತಾರೆ, ಚಾಪೆಯ ಮೇಲಿಟ್ಟು ಮುಂದಕ್ಕೆ ತಳ್ಳುತ್ತಾರೆ, ತಮ್ಮ ಕೆಲಸ ಹೇಳುತ್ತಾರೆ. ಊರಿನ ಬಾಯಿ ಆ ಬೇರನ್ನು ಮುಟ್ಟಿ ಸ್ವೀಕರಿಸುತ್ತದೆ. ಸ್ವೀಕರಿಸಿದ್ದು ಬಂದ ಮನುಷ್ಯನನ್ನು, ಅವನು ಕೇಳಿದ್ದನ್ನಲ್ಲ. ಕೇಳಿದ್ದಕ್ಕೆ ಉತ್ತರ ಅವನು ಮತ್ತೆ ಬಂದಾಗ. ಮೊದಲ ದಿನವೇ ಅತಿಥಿಯ ಮುಖಕ್ಕೆ ಆಗುವುದಿಲ್ಲ ಅನ್ನುವವನು ನಮ್ಮಲ್ಲಿ ಹುಟ್ಟಿಲ್ಲ. ಮಗುವಿಗೂ ಗೊತ್ತಿರುವ ಸಂಗತಿ ಇದು, ಹಾಗಾಗಿ ಇದನ್ನು ನೆತಾನಿಗೆ ಬಿಡಿಸಿ ಹೇಳಬೇಕು ಅಂತ ಎಮೋಸಿಗೆ ಹೊಳೆಯಲೂ ಇಲ್ಲ. ನೆತಾನಿಯೂ ಫಿಜಿಯವನೇ, ಆದರೆ ಪಟ್ಟಣದಲ್ಲಿ ಹುಟ್ಟಿ ಪಟ್ಟಣದಲ್ಲೇ ಬೆಳೆದವನು.

ಮರುದಿನ ತುರಂಗನ ಮನೆಯಲ್ಲಿ ಸಭೆ ನಡೆಯಿತು. ತುರಂಗ ಮೇಲ್ತುದಿಯಲ್ಲಿ, ಗಂಡಸರು ಅಕ್ಕಪಕ್ಕದಲ್ಲಿ, ಹೆಂಗಸರು ಬಾಗಿಲ ಹತ್ತಿರ. ನೆತಾನಿಯ ಜೊತೆಗೆ ಬಂದ ಇಬ್ಬರು ಬೇರಿನ ಕಟ್ಟನ್ನು ಮುಂದೆ ತಳ್ಳಿದರು. ಎಮೋಸಿ ಮಂಡಿಯೂರಿ ಮುಂದೆ ಸರಿದು ಅದನ್ನು ಎರಡೂ ಕೈಯಿಂದ ಮುಟ್ಟಿದ. ಆಮೇಲೆ ಅವನ ಗಂಟಲಿಂದ ಅವನ ಅಪ್ಪನ ದನಿ ಹೊರಟಿತು.

"ನಿಮ್ಮ ಬೇರು ದೊಡ್ಡದು, ನಿಮ್ಮ ಮಾತು ದೊಡ್ಡದು. ನಮ್ಮ ತುರಂಗನ ಮನೆ ಅದನ್ನ ಸಂತೋಷವಾಗಿ ತಗೊಂಡಿದೆ, ತಲೆ ಮೇಲೆ ಇಟ್ಕೊಂಡಿದೆ. ನಮಗದು ಭಾರ ಅಲ್ಲ. ನಿಮ್ಮ ದಾರಿ ಹಗುರಾಗ್ಲಿ, ನೀವು ಹುಡುಕ್ಕೊಂಡು ಬಂದಿದ್ದು ನಿಮಗೆ ಸಿಗ್ಲಿ."

ಬೊಗಸೆಗೈ ಮಾಡಿ ಎಲ್ಲರೂ ಗಂಭೀರವಾಗಿ ಚಪ್ಪಾಳೆ ತಟ್ಟಿದರು. ಬೇರು ಕುಟ್ಟಿ, ಮರದ ಬೋಗುಣಿಯಲ್ಲಿ ಕಲಸಿ, ಕರಟದಲ್ಲಿ ಕುಡಿದರು. ನೆತಾನಿ ಜಲ್ಲಿಯ ವಿಷಯ ಹೇಳಿ, ಯಾರಾದರೂ ಏನಾದರೂ ಹೇಳುವುದಿದೆಯೇ ಅಂತ ಕೇಳಿದ. ಯಾರೂ ತುಟಿ ಬಿಚ್ಚಲಿಲ್ಲ, ಬಿಚ್ಚುವ ಹೊತ್ತು ಅದಲ್ಲವಲ್ಲ. ಅವನ ಜೊತೆಗೆ ಬಂದವನೊಬ್ಬ ಏನೋ ಬರೆದುಕೊಂಡ.

ಅವರು ಹೋದ ಮೇಲೆ ನಿಜವಾದ ಮಾತು ಶುರುವಾಯಿತು. ಹೊಳೆಯಲ್ಲಿ, ಹೊಲದಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಎಲ್ಲ ಕಡೆಯೂ ಅದೇ. ಸಲಸೇನಿ ಊರಿನ ಹೆಂಗಸರನ್ನೆಲ್ಲ ಕಟ್ಟಿಕೊಂಡು ತುರಂಗನ ಹೆಂಡತಿಯ ಅಡಿಗೆಮನೆಗೆ ಹೋಗಿ ಕೂತಳು. ಕೊನೆಗೆ ತುರಂಗ ಎಮೋಸಿಯನ್ನು ಕರೆಸಿದ.

"ಬೇಡ ಅಂತ ಹೇಳ್ಬಿಡು" ಅಂದ. "ಆದ್ರೆ ಆ ಹುಡುಗನಿಗೆ ನೋವಾಗ್ಬಾರ್ದು. ಒಳ್ಳೆ ಹುಡುಗ."

ಎಮೋಸಿ ಆ ಬೇಡವನ್ನು ಕಟ್ಟತೊಡಗಿದ. ಗೆಣಸು ಕೀಳುತ್ತ ಕಟ್ಟಿದ, ಸ್ನಾನ ಮಾಡುತ್ತ ಕಟ್ಟಿದ. ಹೊಳೆಯ ಹುಟ್ಟಿನಿಂದ ಶುರುಮಾಡಿ, ಈ ತಿರುವಿನಲ್ಲಿ ಮುಳುಗಿದ ಅಜ್ಜಿಯರನ್ನೆಲ್ಲ ನೆನೆದು, ರಸ್ತೆಗೂ ಶುಭ ಹಾರೈಸಿ, ಕೊನೆಯಲ್ಲಿ ಮಾತ್ರ ಬಾಗಿಲು ಮುಚ್ಚುವಂಥ ಮಾತು. ಅಷ್ಟು ಚೆಂದದ ಮಾತು ಅವನ ಅಪ್ಪನೂ ಆಡಿರಲಾರ. ನೀರಲ್ಲಿ ನಿಂತ ಸಲಸೇನಿಗೆ ದಡದ ಮೇಲೆ ಕೂತು ಒಪ್ಪಿಸುತ್ತಿದ್ದ. ವೈಸಾಲೆ ಬಲೆ ಹೆಗಲಿಗೇರಿಸಿಕೊಂಡು ಹೋಗುವವನು ನಿಂತು ಕೇಳಿದ.

"ಭಾವ, ನಿನ್ನ ಬೇಡ ಕೇಳ್ತಿದ್ರೆ ಬಾಯಲ್ಲಿ ನೀರು ಬರುತ್ತಲ್ಲೋ. ಹಂಗೇ ನನ್ನ ಹೆಂಡ್ತಿಗೂ ಒಂದು ಕಲಿಸ್ಕೊಡು, ಅವಳ ಬೇಡಕ್ಕೆ ಸೌದೆ ಬೇರೆ ಹಾರಿಬರುತ್ತೆ."

"ನಿನ್ನ ಕಟ್ಕೊಂಡೋಳಿಗೆ ಸೌದೆ ಸಾಲ್ದು" ಅಂದ ಎಮೋಸಿ. ಸಲಸೇನಿ ನೀರಲ್ಲೇ ನಕ್ಕಳು.

ನೆತಾನಿ ಬರಲಿಲ್ಲ. ಮಳೆಗಾಲ ಮುಗಿಯಲಿ ಅಂತಿರಬೇಕು ಅಂದುಕೊಂಡರು. ಮಳೆಗಾಲ ಮುಗಿಯಿತು, ಕೆಸುವಿನ ಗೆಡ್ಡೆ ಕಿತ್ತಾಯಿತು, ಅವನ ಸುಳಿವಿಲ್ಲ. ಎಮೋಸಿ ಮಾತ್ರ ಬೆಳಗಾದರೆ ಮಾತನ್ನು ಒಂದು ಸಲ ಒಪ್ಪಿಸಿಕೊಂಡು, ಸಭೆಗೆ ಉಡಲೆಂದು ಮಡಿಸಿಟ್ಟ ಸುಲು ಪಂಚೆಯನ್ನು ಬಿಸಿಲಿಗೆ ಹಾಕಿ, ಮತ್ತೆ ಮಡಿಸಿಡುತ್ತಿದ್ದ. ಆಮೇಲೆ ಒಂದು ಸೋಮವಾರ ಲಾರಿಗಳು ಬಂದವು, ಹಿಂದೆಯೇ ಅಗೆಯುವ ಯಂತ್ರ ಬಂತು.

ತುರಂಗನಿಂದ ಹಿಡಿದು ಎಲ್ಲರೂ ದಡಕ್ಕೆ ಓಡಿದರು. ಯಂತ್ರದವನು ಸಭ್ಯ ಮನುಷ್ಯ, ಟೋಪಿ ತೆಗೆದು ನಿಂತ. "ಅನುಮತಿ ಆಗಿದೆಯಲ್ಲ ಅಜ್ಜ. ನಿಮ್ಮೂರವರು ಸಂತೋಷವಾಗಿ ಒಪ್ಕೊಂಡ್ರು ಅಂತ ನಮ್ಮ ಸಾಹೇಬ್ರೇ ಹೇಳಿದ್ರು" ಅಂದ. ಎಲ್ಲರೂ ಎಮೋಸಿಯ ಕಡೆ ತಿರುಗಿದರು.

ಮರುದಿನ ಎಮೋಸಿ ತನ್ನ ಹೊಲದ ಯಂಗೋನದ ಬೇರನ್ನೇ ಅಗೆದು, ಹಳೆ ಪೇಪರಿನಲ್ಲಿ ಸುತ್ತಿ, ಒಳ್ಳೆ ಸುಲು ಉಟ್ಟುಕೊಂಡು ಪಟ್ಟಣದ ಬಸ್ಸು ಹತ್ತಿದ. ನೆತಾನಿ ಇರಲಿಲ್ಲ. ಅವನನ್ನು ಉತ್ತರದ ದ್ವೀಪಕ್ಕೆ ವರ್ಗ ಮಾಡಿದ್ದರಂತೆ. ಅವನ ಮೇಲಿನ ಅಧಿಕಾರಿ ನರೆತ ತಲೆಯವನು, ಹಳ್ಳಿಯಲ್ಲಿ ಬೆಳೆದವನು. ಬೇರು ನೋಡಿದೊಡನೆ ಕುರ್ಚಿಯಿಂದೆದ್ದು ನೆಲದ ಮೇಲೆ ಕೂತ. ಎಮೋಸಿಗೆ ಜೀವ ಬಂದಂತಾಯಿತು. ಈ ಮನುಷ್ಯನಿಗೆ ಅರ್ಥವಾಗುತ್ತದೆ.

ತಿಂಗಳುಗಟ್ಟಲೆ ಕಟ್ಟಿದ ಮಾತನ್ನು ಅಲ್ಲಿ, ಟೇಬಲ್ಲಿನ ಕಾಲಿನ ಪಕ್ಕ, ಫ್ಯಾನಿನ ಕೆಳಗೆ ಕೂತು ಪೂರ್ತಿ ಆಡಿದ. ಒಂದು ಪದವೂ ತಪ್ಪಲಿಲ್ಲ. ಅಧಿಕಾರಿ ತಲೆ ತಗ್ಗಿಸಿ ಕೇಳಿದ. ಅಜ್ಜಿಯರ ಹೆಸರು ಬಂದಾಗ ಅವನ ಕಣ್ಣು ಒದ್ದೆಯಾಯಿತು.

"ನೀವು ಅವತ್ತು ಬೇರು ತಗೊಂಡಿದ್ದು, ಒಪ್ಪಿದ್ದಲ್ಲ" ಅಂದ ಅಧಿಕಾರಿ. "ನಂಗೊತ್ತು ಮಾವ. ನಾನೂ ಹಳ್ಳಿಯೋನೇ."

"ಗೊತ್ತಿದ್ರೆ ಮತ್ತೆ?"

"ನಂಗೊತ್ತು. ಸಹಿ ಹಾಕೋರಿಗೆ ಗೊತ್ತಿಲ್ಲ. ಆ ಹುಡುಗ ಎರಡ್ನೇ ಸಲ ಹೋಗ್ಬೇಕು ಅಂತ ಎಷ್ಟೋ ಕೇಳ್ಕೊಂಡ. ಊರೋರು ಒಪ್ಕೊಂಡಾಗಿದೆ, ಮತ್ತ್ಯಾಕೆ ಅಷ್ಟು ದೂರ ಅಂದ್ರು. ಈಗ ಅದು ನನ್ನ ಕೈ ಮೀರಿದೆ."

ಆಮೇಲೆ ಅಧಿಕಾರಿ ಮುಂದೆ ಸರಿದು, ಎಮೋಸಿಯ ಬೇರನ್ನು ಎರಡೂ ಕೈಯಿಂದ ಮುಟ್ಟಿದ. ತುಂಬು ದನಿಯಲ್ಲಿ ರಿವಾಜಿನ ಮಾತನ್ನೇ ಹೇಳಿದ. ನಿಮ್ಮ ಬೇರು ದೊಡ್ಡದು, ನಿಮ್ಮ ಮಾತು ದೊಡ್ಡದು. ಈ ಮನೆ ಅದನ್ನು ಸಂತೋಷವಾಗಿ ತೆಗೆದುಕೊಂಡಿದೆ, ತಲೆಯ ಮೇಲೆ ಇಟ್ಟುಕೊಂಡಿದೆ. ನಿಮ್ಮ ದಾರಿ ಹಗುರಾಗಲಿ, ನೀವು ಹುಡುಕಿಕೊಂಡು ಬಂದದ್ದು ನಿಮಗೆ ಸಿಗಲಿ. ಬೊಗಸೆಗೈ ಚಪ್ಪಾಳೆ ತಟ್ಟಿದ. ಆ ಮಾತನ್ನು ಜೀವಮಾನವಿಡೀ ಆಡಿದ್ದ ಎಮೋಸಿ, ಅದನ್ನು ಕೇಳಿಸಿಕೊಂಡು ಬರಿಗೈಲಿ ಎದ್ದುಹೋಗುವುದು ಹೇಗಿರುತ್ತದೆ ಅಂತ ಅಂದು ತಿಳಿದುಕೊಂಡ. ಬಾಗಿಲವರೆಗೆ ಬಂದು ಬೀಳ್ಕೊಟ್ಟ ಅಧಿಕಾರಿಗೆ ನಮಸ್ಕಾರ ಹೇಳಿ ಬಸ್ ನಿಲ್ದಾಣಕ್ಕೆ ನಡೆದ.

ತಿರುವು ಹೋಯಿತು. ಜಲ್ಲಿ ಎತ್ತಿದ ಜಾಗ ಆಳದ ಗುಂಡಿಯಾಗಿ ನೀರು ಕೆಸರಾಯಿತು. ಸಲಸೇನಿ ಒಂದಷ್ಟು ದಿನ ಹೋಗಿ ಮುಳುಗಿದಳು, ಬುಟ್ಟಿಯಲ್ಲಿ ಸತ್ತ ಚಿಪ್ಪು ತಂದಳು, ಆಮೇಲೆ ಬುಟ್ಟಿಯನ್ನು ಜಂತಿಗೆ ಸಿಕ್ಕಿಸಿದಳು. ಗಂಡನನ್ನು ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಮೇಲಿನ ತಿರುವಿನಲ್ಲಿ ಚಿಪ್ಪು ಕಡಿಮೆ, ನಡೆಯುವ ದಾರಿ ದೂರ, ಆದರೂ ಇರುವುದು ಇನ್ನು ಅದೊಂದೇ ಅಂತ ಹೆಂಗಸರು ಅಲ್ಲಿಗೆ ಹೋಗತೊಡಗಿದರು.

ವೈಸಾಲೆ ಬೇಲಿಯ ಹತ್ತಿರ ಸಿಕ್ಕ. ಎಮೋಸಿ ಕಾದ. ಬಾಯಿ ಮಾರಿಕೊಂಡವನೇ ಅಂತಲಾದರೂ ಅನ್ನಲಿ, ಊರು ಮುಳುಗಿಸಿದೆಯಲ್ಲೋ ಅಂತಲಾದರೂ ಅನ್ನಲಿ.

"ಚೆನ್ನಾಗಿದ್ದೀರಾ? ಮೊಣಕಾಲು ಹೇಗಿದೆ?" ಅಂದ ವೈಸಾಲೆ. ಅತಿಥಿಯನ್ನು ಕೇಳುವ ಹಾಗೆ ಕೇಳಿ, ತಲೆ ತಗ್ಗಿಸಿ ಹೋದ. ಎಮೋಸಿ ಆ ದಿನ ಊಟ ಮಾಡಲಿಲ್ಲ.

ಮುಂದಿನ ವರ್ಷ ಅದೇ ಇಲಾಖೆಯವರು ಮತ್ತೆ ಬಂದರು. ಈ ಸಲ ಒಬ್ಬ ಹುಡುಗಿ, ಹಸನ್ಮುಖಿ, ಕೈಯಲ್ಲಿ ಬಣ್ಣದ ಪುಸ್ತಿಕೆಗಳು. ಕಂಪನಿಗೆ ಮೇಲಿನ ತಿರುವೂ ಬೇಕಂತೆ. ಸಭೆಯ ಹಿಂದಿನ ದಿನ ತುರಂಗನ ಮನೆಯಲ್ಲಿ ಎಲ್ಲರೂ ಕೂತರು.

"ಬೇಡ ಅಂತ ಬಾಯಿಬಿಟ್ಟು ಹೇಳಿ ಮಿಲಿ ಅಪ್ಪ" ಅಂದಳು ಸಲಸೇನಿ. "ಒಂದೇ ಮಾತು. ಮೊದಲನೇ ದಿನಾನೇ."

ಎಮೋಸಿ ಹೊಳೆಯ ದಡಕ್ಕೆ ಹೋಗಿ ಪ್ರಯತ್ನಪಟ್ಟಿದ್ದ. ಅತಿಥಿಯ ಮುಖ ನೆನೆಸಿಕೊಂಡರೆ ಆ ಪದ ಗಂಟಲು ದಾಟುತ್ತಿರಲಿಲ್ಲ, ತಲೆಮಾರುಗಳಿಂದ ದಾಟಿದ್ದಿಲ್ಲ. "ನಂಗಾಗಲ್ಲ" ಅಂದ ತುರಂಗನಿಗೆ. "ಆದ್ರೆ ಇನ್ನೊಂದು ದಾರಿ ಇದೆ. ಬೇರು ಮುಟ್ಟಲ್ಲ."

ಇಟ್ಟ ಬೇರನ್ನು ಮುಟ್ಟದೆ ಬಿಡುವುದು ಅಂದರೆ ಬಾಗಿಲಿಗೆ ಬಂದವನ ಮುಖಕ್ಕೆ ಉಗಿದಂತೆ. ನವುನೀವಿಯಲ್ಲಿ ಯಾರೂ ಅದನ್ನು ಕಂಡವರಿಲ್ಲ, ಅಪ್ಪಂದಿರಿಂದ ಕೇಳಿದ್ದಷ್ಟೇ. ಹಾಗೆ ಬಿಟ್ಟ ಕಡೆ ಹಿಂದೆ ಯುದ್ಧಗಳಾಗಿವೆ. ಕೊನೆಗೆ ತುರಂಗ ಹೂಂ ಅಂದ.

ಮರುದಿನ ಬೇರಿನ ಕಟ್ಟು ಚಾಪೆಯ ಮೇಲೆ ಮುಂದಕ್ಕೆ ಬಂತು. ಎಮೋಸಿ ಕದಲಲಿಲ್ಲ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಬೇರನ್ನು ನೋಡುತ್ತ ಕೂತ. ಮುದುಕರು ನೆಲ ನೋಡಿದರು.

ಹುಡುಗಿ ಕಾದಳು. ಜನ ನಾಚಿಕೊಂಡಿದ್ದಾರೆ ಅಂತ ಅವಳಿಗೆ ಅನ್ನಿಸಿರಬೇಕು. ಇನ್ನಷ್ಟು ನಗುತ್ತ ಪುಸ್ತಿಕೆ ಹಂಚಿ, ಚಿತ್ರ ತೋರಿಸಿ, ಎಲ್ಲವನ್ನೂ ನಿಧಾನವಾಗಿ ವಿವರಿಸಿದಳು. "ಯಾರಿಗಾದ್ರೂ ಆಕ್ಷೇಪಣೆ ಇದ್ರೆ ದಯವಿಟ್ಟು ಹೇಳಿ. ನಿಮ್ಮ ಮಾತು ನಮಗೆ ತುಂಬಾ ಮುಖ್ಯ" ಅಂದಳು. ಯಾರೂ ಹೇಳಲಿಲ್ಲ. ಹೇಳುವುದೆಲ್ಲ ಅವಳ ಕಾಲ ಬುಡದಲ್ಲಿ ಚಾಪೆಯ ಮೇಲೆ ಬಿದ್ದಿತ್ತು. ಅವಳು ಮತ್ತೊಮ್ಮೆ ಕೇಳಿ, ಜೊತೆಯವನಿಗೆ ಬರೆದುಕೊಳ್ಳುವಂತೆ ಕಣ್ಣಲ್ಲೇ ಹೇಳಿದಳು.

ಆಗ ಬಾಗಿಲ ಹತ್ತಿರದಿಂದ ದನಿ ಬಂತು.

"ಬೇಡ."

ಸಲಸೇನಿ ಎದ್ದು ನಿಂತಿದ್ದಳು. ತುರಂಗ ಕೂತಿರುವಾಗ ಹೆಂಗಸೊಬ್ಬಳು ಎದ್ದು ನಿಲ್ಲುವುದೇ ಇಲ್ಲ. "ನಮಗೆ ಬೇಡ ತಾಯಿ. ಆ ತಿರುವನ್ನೂ ತಗೊಂಡು ಹೋದ್ರೆ ನಮಗಿನ್ನೇನೂ ಉಳಿಯಲ್ಲ. ಬೇಡ."

ಹುಡುಗಿಯ ಮುಖ ಅರಳಿತು. ನಿಜವಾಗಿಯೂ ಅರಳಿತು, ಅದರಲ್ಲಿ ಕಪಟವಿರಲಿಲ್ಲ.

"ತುಂಬಾ ಸಂತೋಷ ಅಮ್ಮ, ನೀವು ಧೈರ್ಯವಾಗಿ ಮಾತಾಡಿದ್ರಿ" ಅಂದಳು. "ಹೆಂಗಸರಿಗೆ ನಾವು ಬೇರೆ ಸಭೆನೇ ಇಡ್ತೀವಿ. ಗಂಡಸರ ಮುಂದೆ ಹೇಳೋಕೆ ಸಂಕೋಚ ಆಗ್ಬಾರ್ದಲ್ಲ, ಅದಕ್ಕೆ. ಈಗ ಹೇಳಿದ್ದನ್ನ ಅಲ್ಲಿ ಹೇಳಿ, ಅಲ್ಲೇ ಬರ್ಕೋತೀವಿ. ದಿನ ತಿಳಿಸ್ತೀವಿ."

ಎದ್ದು ಎಲ್ಲರಿಗೂ ವಂದಿಸಿದಳು. ಹೊರಡುವ ಮುಂಚೆ ಎಮೋಸಿಯ ಮುಂದೆ ಬಗ್ಗಿ, "ಅಜ್ಜ, ಇಷ್ಟು ಶಾಂತವಾಗಿ ಯಾವ ಊರಲ್ಲೂ ಸಭೆ ನಡೆದಿಲ್ಲ" ಅಂದಳು.

ಅವರ ಗಾಡಿಯ ಸದ್ದು ಅಡಗಿದ ಮೇಲೂ ಯಾರೂ ಏಳಲಿಲ್ಲ. ವೈಸಾಲೆ ಮಾತ್ರ ಎಮೋಸಿಯ ಪಕ್ಕ ಬಂದು ಕೂತ. ಎಮೋಸಿ ಅವನ ಕಡೆ ತಿರುಗಿದ. ಮೂಗನಾದೆಯಾ ಭಾವ ಅಂತ ಒಂದು ಮಾತು ಅಂದುಬಿಡು ಅಂತ ಅವನ ಮುಖವೇ ಬೇಡುತ್ತಿತ್ತು.

"ನೀವು ಮಾಡೋದನ್ನ ಮಾಡಿದ್ರಿ" ಅಂದ ವೈಸಾಲೆ ಮೆಲ್ಲಗೆ. "ನಿಮ್ಮದೇನೂ ತಪ್ಪಿಲ್ಲ."

ಹೆಂಗಸರ ಸಭೆಯ ದಿನ ತಿಳಿಸಲಿಲ್ಲ. ಸಲಸೇನಿ ಅದಕ್ಕಾಗಿ ಒಗೆದು ಒಣಗಿಸಿದ ಚಾಪೆಯನ್ನು ಸುತ್ತಿ ಮೂಲೆಗೆ ನಿಲ್ಲಿಸಿದ್ದಳು, ಬಹಳ ದಿನ ಅದು ಅಲ್ಲೇ ನಿಂತಿತ್ತು. ಊರಿನವರಿಂದ ಯಾವ ಆಕ್ಷೇಪಣೆಯೂ ಬಂದಿಲ್ಲ ಅಂತ ಇಲಾಖೆ ರೇಡಿಯೋದಲ್ಲಿ ಹೇಳಿಸಿದ ದಿನ ಅವಳು ಚಾಪೆಯನ್ನು ಮಗಳು ಮಿಲಿಕಾಳ ಮನೆಗೆ ಕಳಿಸಿಬಿಟ್ಟಳು. ಲಾರಿಗಳು ಈಗ ಊರ ನಡುವಿನಿಂದಲೇ ಮೇಲಿನ ತಿರುವಿಗೆ ಹೋಗುತ್ತವೆ.

ಆ ಬೇರು ತುರಂಗನ ಮನೆಯ ಚಾಪೆಯ ಮೇಲೆ ಇಟ್ಟಲ್ಲೇ ಇದೆ. ಸ್ವೀಕರಿಸಿಲ್ಲವಾದ್ದರಿಂದ ಅದು ಊರಿನದಲ್ಲ, ತಂದವರು ವಾಪಸು ಒಯ್ಯದ್ದರಿಂದ ಅವರದೂ ಅಲ್ಲ, ಯಾರೂ ಮುಟ್ಟುವಂತಿಲ್ಲ. ಲಾರಿಯ ಧೂಳು ಒಳಗೆ ಬಂದು ಅದರ ಮೇಲೆ ಕೂರುತ್ತದೆ. ಎಮೋಸಿಯನ್ನು ಈಗ ಯಾರೂ ಮಾತಾಡಲು ಕರೆಯುವುದಿಲ್ಲ. ತುರಂಗನ ಮನೆ ಗುಡಿಸುವ ಸರದಿ ಬಂದಾಗ ಸಲಸೇನಿ ಬೇರಿನ ಸುತ್ತ ಅಷ್ಟು ಜಾಗ ಬಿಟ್ಟು ಗುಡಿಸಿ ಬರುತ್ತಾಳೆ.